ಶೆಟ್ಟೆವ್ವನ ಫೋಟೊ ಮೂರು ಊರು ತಿರುಗಿದ್ದು

ಮೂಡಲಗಿ ಬಜಾರದಲ್ಲಿ ಮಾಲಿಂಗನ ಫೋಟೊ ಸ್ಟುಡಿಯೊಕ್ಕೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಇರುವುದು ಒಂದು ತಗಡು. ಆ ಕಡೆ ಯಾರಾದರೂ ಕೆಮ್ಮಿದರೆ ಈ ಕಡೆ ಗೊತ್ತಾಗುತ್ತದೆ. ಹನ್ನೊಂದು ವರ್ಷದಿಂದ ನಾನು ಇಲ್ಲಿ ಕುಪ್ಪಸ ಹೊಲಿಯುತ್ತ ಕೂತಿದ್ದೇನೆ. ತಗಡಿನ ಆಚೆ ಆಡಿದ ಮಾತುಗಳಲ್ಲಿ ಹೆಚ್ಚಿನವು ಮರೆತುಹೋಗಿವೆ. ನಂದಿನಿಯ ಸಂಗತಿ ಮಾತ್ರ ಮರೆತಿಲ್ಲ. ಅವಳನ್ನು ಕೇಳಿಯೇ ಇದನ್ನು ಬರೆದೆ. ಓದಿ ಹೇಳಿದಾಗ ಎರಡು ಕಡೆ ತಿದ್ದಿಸಿದಳು, ಉಳಿದದ್ದು ಇರಲಿ ಎಂದಳು.

ನಂದಿನಿ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯವಳು. ತಂದೆ ಸತ್ಯಪ್ಪ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಇಪ್ಪತ್ತು ವರ್ಷ ದುಡಿದವನು. ತಾಯಿ ಸೀತವ್ವ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಾಳೆ. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೊ ಇದೆ, ದಿನಾ ಬೆಳಿಗ್ಗೆ ಅದರ ಮುಂದೆ ಒಂದೇ ಒಂದು ಹೂವು ಇಡುತ್ತಾರೆ. ಪಿಯುಸಿ ಮುಗಿಸಿದ ನಂದಿನಿ ಘಟಪ್ರಭಾದ ಒಂದು ಜೆರಾಕ್ಸ್ ಅಂಗಡಿಗೆ ಕೆಲಸಕ್ಕೆ ಸೇರಿದಳು. ಅಲ್ಲಿ ಮಾಲೀಕ ಊಟಕ್ಕೆ ಹೋದಾಗಲೆಲ್ಲ ಕಂಪ್ಯೂಟರಿನ ಮುಂದೆ ಕೂತು, ಹಾಳಾದ ಪಾಸ್‌ಪೋರ್ಟ್ ಫೋಟೊಗಳನ್ನು ತಿದ್ದಿ ತಿದ್ದಿ ಈ ವಿದ್ಯೆ ಕಲಿತಳು. ಯಾರೂ ಕಲಿಸಲಿಲ್ಲ. ನಾಲ್ಕು ವರ್ಷದ ಹಿಂದೆ ಮಾಲಿಂಗನ ಸ್ಟುಡಿಯೊಕ್ಕೆ ಬಂದಳು. ದಿನಾ ಎರಡು ಬಸ್ಸು ಹಿಡಿದು ಬರುತ್ತಾಳೆ, ಎರಡು ಬಸ್ಸು ಹಿಡಿದು ಹೋಗುತ್ತಾಳೆ.

ಮದುವೆಯ ಆಲ್ಬಮ್ಮು ಯಾರಾದರೂ ಮಾಡಿಯಾರು. ನಂದಿನಿಯ ಕೈ ಬೇಕಾದದ್ದು ಸತ್ತವರ ಫೋಟೊಗೆ. ನಮ್ಮ ಕಡೆ ಹಿರಿಯರು ತೀರಿಕೊಂಡರೆ ದಿವಸದ ಕಾರ್ಯದ ಹೊತ್ತಿಗೆ ಗೋಡೆಗೆ ಹಾಕಲು ಒಂದು ದೊಡ್ಡ ಫೋಟೊ ಬೇಕು. ಬದುಕಿದ್ದಾಗ ಯಾರೂ ತೆಗೆಸಿರುವುದಿಲ್ಲ. ಆಧಾರ್ ಕಾರ್ಡನ್ನೋ ಯಾರದೋ ಮದುವೆಯ ಗುಂಪಿನ ಫೋಟೊವನ್ನೋ ತಂದು, ಇವರನ್ನು ಎದ್ದು ಕಾಣುವ ಹಾಗೆ ಮಾಡಿಕೊಡು ಎನ್ನುತ್ತಾರೆ. ನಂದಿನಿ ಅದನ್ನು ಮುಂದಿಟ್ಟುಕೊಂಡು ಮೊದಲು ಕೇಳುತ್ತಿದ್ದಳು: ರುಮಾಲು ಯಾವ ಬಣ್ಣದ್ದು, ಕುಂಕುಮ ಎಷ್ಟು ಅಗಲ, ನಗುವಾಗ ಯಾವ ಕಡೆಯ ತುಟಿ ಮೊದಲು ಏಳುತ್ತಿತ್ತು. ಒಮ್ಮೆ ಸಾವಂತ್ರೆವ್ವ ಎಂಬ ಮುದುಕಿ ಪರದೆಯ ಮೇಲೆ ಗಂಡನ ಮೀಸೆ ನೋಡಿ, "ಇಷ್ಟ ಚೂಪ ಇರಲಿಲ್ಲವಾ ತಂಗಿ, ಹಾಲು ಕುಡದ್ರ ಬೆಳ್ಳಗ ಆಗ್ತಿತ್ತು" ಎಂದಳು. ನಂದಿನಿ ಮೀಸೆಯನ್ನು ತುಟಿಯ ಮೇಲೆ ಇಳಿಬಿಟ್ಟಳು. ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕದ್ದು ತಗಡಿನ ಈಚೆಗೂ ಕೇಳಿಸಿತು.

ಇನ್ನು ಮಾಲಿಂಗ. ಅವನು ಕೆಟ್ಟವನಲ್ಲ, ನಂಬದವನು. ಅವನ ತಂದೆ ಮಾಳಪ್ಪ ಕುರಿ ಕಾಯುತ್ತಿದ್ದ. ಸಂಜೆ ಹಟ್ಟಿಯ ಬಾಗಿಲಲ್ಲಿ ಕುರಿಗಳನ್ನು ಎರಡು ಸಲ ಎಣಿಸುತ್ತಿದ್ದನಂತೆ, ಒಂದು ಸಲ ತಲೆ, ಒಂದು ಸಲ ಬಾಲ. ಮಗ ಕುರಿ ಬಿಟ್ಟ, ಎಣಿಸುವುದನ್ನು ಬಿಡಲಿಲ್ಲ. ಎರಡು ವರ್ಷದ ಹಿಂದೆ ಯಾರೋ ರಿಪೇರಿಯವನು ಇನ್ಯಾರದೋ ಕಂಪ್ಯೂಟರಿನ ಒಳ್ಳೆಯ ಭಾಗ ಕಿತ್ತುಕೊಂಡು ಹಳೆಯದನ್ನು ಕೂರಿಸಿದ ಎಂದು ಮಾಲಿಂಗನ ಕಿವಿಗೆ ಬಿತ್ತು. ಅಂದೇ ಅವನು ಕುರಿಯ ಬೆನ್ನಿಗೆ ಗುರುತು ಹಾಕುವ ಕೆಂಪು ಬಣ್ಣ ತಂದು, ತನ್ನ ಕಂಪ್ಯೂಟರಿನ ಡಬ್ಬಿಯ ನಾಲ್ಕು ಸ್ಕ್ರೂಗಳ ಮೇಲೆ ದಪ್ಪಗೆ ಬಳಿದ. ಬಣ್ಣ ಒಡೆದರೆ ಯಾರೋ ಬಿಚ್ಚಿದ್ದಾರೆ ಎಂದು ಲೆಕ್ಕ. ಆಮೇಲೆ ಆ ಡಬ್ಬಿಯನ್ನು ಯಾರೂ ಬಿಚ್ಚಲಿಲ್ಲ.

ಹಾಗೆಂದು ಅದರ ಮೇಲೆ ಅವನಿಗೆ ಭಕ್ತಿ ಇರಲಿಲ್ಲ ಎಂದಲ್ಲ. ಅಮಾವಾಸ್ಯೆಗೊಮ್ಮೆ ಕಂಪ್ಯೂಟರಿಗೆ ಪೂಜೆ. ನಮ್ಮಲ್ಲಿ ಭಂಡಾರ ಎಂದರೆ ಚಿಟಿಕೆ ಅರಿಶಿನ ತೆಗೆದುಕೊಂಡು ಹಚ್ಚಿ ಸುಮ್ಮನಾಗುವುದಲ್ಲ, ಹಿಡಿ ತುಂಬ ಎರಚಬೇಕು. ಮಾಲಿಂಗ ಡಬ್ಬಿಯ ಮುಂದೆ ನಿಂತು ನಮ್ಮ ದೇವರು ಮಾಲಿಂಗರಾಯನ ಹೆಸರು ಹೇಳಿ ಭಂಡಾರ ಹಾರಿಸುತ್ತಿದ್ದ, ಲೋಬಾನದ ಹೊಗೆ ಹಾಕುತ್ತಿದ್ದ. ಗುಡಿಯಿಂದ ಆ ಭಂಡಾರವನ್ನು ಕಾಗದದಲ್ಲಿ ಕಟ್ಟಿ ತಂದುಕೊಡುತ್ತಿದ್ದವಳು ನಾನು. ಅಮಾವಾಸ್ಯೆಗೆ ನಾನು ಹೇಗೂ ಗುಡಿಗೆ ಹೋಗುತ್ತೇನೆ. ಪೂಜೆಯ ಹೊತ್ತಿಗೆ ನಂದಿನಿ ಬಾಗಿಲಲ್ಲಿ ಸುಮ್ಮನೆ ನಿಂತಿರುತ್ತಿದ್ದಳು. ಕೈ ಮುಗಿಯುತ್ತಿರಲಿಲ್ಲ, ಪ್ರಸಾದದ ಬೆಲ್ಲ ಕೊಟ್ಟರೆ ತಿನ್ನುತ್ತಿದ್ದಳು. ಮೂರು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಈ ಸಲದ ಮದುವೆಯ ಹಂಗಾಮಿನಲ್ಲಿ ಕೆಲಸ ನಿಧಾನವಾಯಿತು. ಮೊದಲು ಎರಡು ದಿನಕ್ಕೆ ಮುಗಿಯುತ್ತಿದ್ದ ಆಲ್ಬಮ್ಮಿಗೆ ಐದು ದಿನ ಹಿಡಿಯತೊಡಗಿತು. ಪರದೆಯ ಮೇಲೆ ಒಂದು ನೀಲಿ ಉಂಗುರ ಸುತ್ತುತ್ತಲೇ ಇರುತ್ತದೆ, ನಾನು ಕೈ ಕಟ್ಟಿಕೊಂಡು ಕಾಯುತ್ತೇನೆ ಎಂದು ನಂದಿನಿ ಹೇಳುತ್ತಿದ್ದಳು. ಮಾಲಿಂಗ ಹೊರಗೆ ಮದುವೆ ಮನೆಗಳಲ್ಲಿ ಫೋಟೊ ತೆಗೆಯುವವನು, ಅವಳು ಕಾಯುವುದನ್ನು ಕಂಡವನಲ್ಲ. ಸಂಜೆ ಬಂದು ಎಷ್ಟು ಹಾಳೆ ಮುಗಿದಿವೆ ಎಂದು ಎಣಿಸುತ್ತಿದ್ದ, ಎರಡನೆಯ ಸಲ ಎಣಿಸಿ ಹೋಗುತ್ತಿದ್ದ.

ಒಂದು ದಿನ ಅವನು ಗೋಕಾಕಕ್ಕೆ ಹೋದ. ಅಲ್ಲಿ ದುಂಡೇಶ ಅವನ ಸಂಬಂಧಿಕ, ದೊಡ್ಡ ಸ್ಟುಡಿಯೊ ಇಟ್ಟವನು, ಬೆಳ್ಳಿ ಬಣ್ಣದ ಮ್ಯಾಕ್ ಕಂಪ್ಯೂಟರು ಕೊಂಡವನು. ಒಂದು ಫೋಟೊದ ಹಿನ್ನೆಲೆ ಕತ್ತರಿಸಿ ದೊಡ್ಡದು ಮಾಡಲು ಎಷ್ಟು ಹೊತ್ತು ಎಂದು ಮಾಲಿಂಗ ಕೇಳಿದ. ಚಹಾ ಆರುವುದರೊಳಗೆ ಎಂದು ದುಂಡೇಶ ಹೇಳಿದ. ಮಾಲಿಂಗ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ ಬಂದನಂತೆ: ಅಲ್ಲಿ ಚಹಾ ಆರುವಷ್ಟು ಹೊತ್ತು, ಇಲ್ಲಿ ಅರ್ಧ ತಾಸು. ಉಳಿದ ಹೊತ್ತಿನಲ್ಲಿ ಈಕೆ ಏನು ಮಾಡುತ್ತಾಳೆ?

ಆ ದಿನ ಅವನು ಹೇಳದೆ ಕೇಳದೆ ಮಧ್ಯಾಹ್ನವೇ ಬಂದ. ಕಂಪ್ಯೂಟರಿಗೆ ಒಂದು ಪೆನ್ ಡ್ರೈವ್ ಚುಚ್ಚಿತ್ತು, ಅದರ ದೀಪ ಮಿಣಮಿಣ ಎನ್ನುತ್ತಿತ್ತು. ಅದು ಸ್ಟುಡಿಯೊದ್ದಾಗಿರಲಿಲ್ಲ.

ಏನದು ಎಂದು ಕೇಳಿದ. ತನ್ನ ಚಿಕ್ಕಪ್ಪನ ಮಗ ಶುಭಮ್ ಕೊಟ್ಟದ್ದು, ಅದರಲ್ಲಿ ಲಿನಕ್ಸ್ ಇದೆ, ಅದರಿಂದ ಕಂಪ್ಯೂಟರು ಚುರುಕಾಗುತ್ತದೋ ನೋಡುತ್ತಿದ್ದೇನೆ ಎಂದು ಅವಳು ಹೇಳಿದಳು. ಮಾಲಿಂಗ ಅರ್ಥವಾಗದ ಮಾತನ್ನು ಸುಳ್ಳೆಂದೇ ತಿಳಿಯುವವನು. ಪೆನ್ ಡ್ರೈವ್ ಕಿತ್ತು ಕಿಸೆಗೆ ಹಾಕಿಕೊಂಡ.

"ಮಂದಿ ಮನಿ ಹೆಣ್ಣಮಕ್ಕಳ ಫೋಟೊ ಅದಾವು ಇದರಾಗ," ಎಂದ. "ನಾ ಕಾಯಾಂವ. ಅಮಾಸಿ ಮಟಾ ಇರು. ಆಮ್ಯಾಲ ಬ್ಯಾರೆ ಕಡೆ ನೋಡ್ಕೊ."

ನಾನು ಹೊಲಿಗೆ ಯಂತ್ರದ ಪೆಡಲ್ ಮೇಲಿನ ಕಾಲು ತೆಗೆದೆ.

"ಹೋಗಂದ್ರ ಹೋಗ್ತೇನ್ರಿ ಅಣ್ಣಾರ," ಎಂದಳು ನಂದಿನಿ. "ಕಳ್ಳಿ ಅನಿಸ್ಕೊಂಡು ಹೋಗಾಂಗಿಲ್ಲ."

ಅವಳ ಮಾತಿನ ತೂಕ ನನಗೆ ಗೊತ್ತಿತ್ತು. ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ಊರಿನ ಸ್ಟುಡಿಯೊದವರು ಒಂದೇ ಮನೆಯವರ ಹಾಗೆ, ಒಬ್ಬರ ಕ್ಯಾಮೆರಾ ಇನ್ನೊಬ್ಬರ ಮದುವೆಯಲ್ಲಿರುತ್ತದೆ. ಫೋಟೊ ಕದ್ದು ಹೊರಗೆ ಕೊಡುತ್ತಾಳೆ ಎನ್ನುವ ಒಂದು ಮಾತು ಹೊರಟರೆ, ಅವಳಿಗೆ ಇನ್ನು ಯಾವ ಕಂಪ್ಯೂಟರಿನ ಮುಂದೆಯೂ ಕುರ್ಚಿ ಸಿಗುವುದಿಲ್ಲ. ಊರಲ್ಲಿ ತಂದೆ ತಾಯಿ ತಲೆ ಎತ್ತುವ ಹಾಗಿಲ್ಲ.

ಮಾಲಿಂಗ ಆ ಸಂಜೆ ನನ್ನ ಅಂಗಡಿಗೆ ಬಂದು, "ಅಕ್ಕಾ, ಮಶೀನಿಗೆ ಯಾರದೋ ದೃಷ್ಟಿ ಆಗೇತಿ. ಆಕಿ ಅದಕ್ಕ ಕೈನೂ ಮುಗಿಯಾಂಗಿಲ್ಲ, ನೋಡಿಯಲ್ಲ? ಭಂಡಾರ ಜಾಸ್ತಿ ತಗೊಂಡ ಬಾ" ಎಂದ. ಅಲ್ಲಿಂದ ಅಮಾವಾಸ್ಯೆಗೊಮ್ಮೆ ಇದ್ದ ಪೂಜೆ ದಿನಾ ಸಂಜೆಗೆ ಬಂತು. ನಾನು ತಂದುಕೊಟ್ಟೆ. ಪೂಜೆಗೆ ಬೇಡ ಎಂದು ಹೇಗೆ ಹೇಳಲಿ? ಆದರೆ ಒಬ್ಬರ ಮೇಲಿನ ಗುಮಾನಿಗಾಗಿ ದೇವರ ಪುಡಿ ಕಟ್ಟುತ್ತಿದ್ದೇನೆ ಎಂದು ಕಾಗದ ಮಡಿಸುವಾಗ ಅನ್ನಿಸುತ್ತಿತ್ತು. ಪೂಜೆ ಹೆಚ್ಚಿದ ಹಾಗೆ ಕೆಲಸ ಇನ್ನೂ ನಿಧಾನವಾಯಿತು. ಕೆಲಸ ನಿಧಾನವಾದ ಹಾಗೆ ಮಾಲಿಂಗನ ಅನುಮಾನ ಗಟ್ಟಿಯಾಯಿತು.

ನಂದಿನಿ ಮರುದಿನ ಒಂದು ಬೇಡಿಕೆ ಇಟ್ಟಳು. ಒಂದೇ ಫೋಟೊ, ಒಂದೇ ಕೆಲಸ, ಮೂರು ಕಡೆ ಮಾಡಿ ನೋಡೋಣ, ಪಕ್ಕದಲ್ಲಿ ನೀವೇ ಗಡಿಯಾರ ಹಿಡಿದು ಕೂತಿರಿ. ಇಲ್ಲಿರುವುದು ವಿಂಡೋಸ್. ಗೋಕಾಕದಲ್ಲಿ ಮ್ಯಾಕ್. ಹುಕ್ಕೇರಿಯಲ್ಲಿ ಶುಭಮ್ ಕಲಿಸುವ ಕಂಪ್ಯೂಟರ್ ಕ್ಲಾಸಿನಲ್ಲಿ ಲಿನಕ್ಸ್. ತಡ ಮಾಡುವುದು ನಾನೋ ಯಂತ್ರವೋ ಗೊತ್ತಾಗಲಿ. ಮಾಲಿಂಗ ಒಪ್ಪಿದ. ಅವಳನ್ನು ನಂಬಿ ಒಪ್ಪಿದ್ದಲ್ಲ, ಕೈಯಾರೆ ಹಿಡಿಯಬಹುದು ಎಂದು ಒಪ್ಪಿದ್ದು.

ಶುಭಮ್ ಫೋನಿನಲ್ಲಿ ನಿಯಮ ಹೇಳಿದ. ಮೂರೂ ಕಡೆ ಓಡುವ, ದುಡ್ಡಿಲ್ಲದೆ ಸಿಗುವ ಒಂದು ಫೋಟೊ ತಿದ್ದುವ ತಂತ್ರಾಂಶವನ್ನೇ ಬಳಸಬೇಕು. ಐದೇ ಕೆಲಸ: ಫೋಟೊ ತೆರೆಯುವುದು, ಹಿನ್ನೆಲೆ ಅಳಿಸುವುದು, ಕಲೆ ತೆಗೆಯುವುದು, ಗೋಡೆಯ ಅಳತೆಗೆ ಹಿಗ್ಗಿಸುವುದು, ಉಳಿಸುವುದು. ಅವಳ ಕೈ ಓಡುವ ಹೊತ್ತನ್ನು ಎಣಿಸಬಾರದು, ಮೂರನೆಯ ಸಲಕ್ಕೆ ಕೈ ತಾನಾಗಿಯೇ ಚುರುಕಾಗುತ್ತದೆ. ಗುಂಡಿ ಒತ್ತಿದ ಮೇಲೆ ಯಂತ್ರ ತೆಗೆದುಕೊಳ್ಳುವ ಹೊತ್ತನ್ನು ಮಾತ್ರ ಎಣಿಸಬೇಕು. ವಿಂಡೋಸ್ ಎಂದರೇನು, ಲಿನಕ್ಸ್ ಎಂದರೇನು ಎಂದು ಮಾಲಿಂಗ ಕೇಳಿದ್ದಕ್ಕೆ ಹೀಗೆ ಹೇಳಿದ:

"ಗಾಡಿ ಬ್ಯಾರೆ, ಗಾಡಿ ಹೊಡ್ಯಾಂವ ಬ್ಯಾರೆ, ಹೇರಿದ ಮಾಲು ಬ್ಯಾರೆ ನೋಡ್ರಿ ಕಾಕಾ. ವಿಂಡೋಸ್, ಮ್ಯಾಕ್, ಲಿನಕ್ಸ್ ಅಂದ್ರ ಗಾಡಿ ಹೊಡ್ಯಾವ್ರು. ಮಾಲು ಒಂದ ಇರಲಿ. ಯಾರು ಲಗೂ ಮುಟ್ಟಸ್ತಾರ ನೋಡೂಣು."

ಫೋಟೊ ಯಾವುದು ಎನ್ನುವ ಪ್ರಶ್ನೆ ಬಂತು. ಗಿರಾಕಿಗಳ ಫೋಟೊವನ್ನು ಹೊರಗೆ ಒಯ್ಯಲು ಮಾಲಿಂಗ ಬಿಡಲಿಲ್ಲ. ಎರಡು ದಿನ ಯೋಚಿಸಿ ಮನೆಯ ಟ್ರಂಕಿನಿಂದ ತನ್ನ ತಾಯಿಯ ಫೋಟೊ ತಂದ. ಶೆಟ್ಟೆವ್ವ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಅವಳದ್ದು ಇದ್ದದ್ದು ಇದೊಂದೇ, ಯಾರದೋ ಮದುವೆಯಲ್ಲಿ ತೆಗೆದ ಗುಂಪಿನ ಫೋಟೊ. ಹಿಂದಿನ ಸಾಲಿನಲ್ಲಿ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಾಳೆ, ಗದ್ದದ ಮೇಲೆ ಕಾಗದ ಮಡಚಿದ ಗೆರೆ. ಊರವರ ತಂದೆ ತಾಯಿಯನ್ನೆಲ್ಲ ಗೋಡೆಗೆ ಏರಿಸಿದವನು ತನ್ನ ತಾಯಿಯನ್ನು ಯಾರ ಕೈಗೂ ಕೊಟ್ಟಿರಲಿಲ್ಲ.

ಮೊದಲು ಗೋಕಾಕ. ಫೋಟೊ ಇದ್ದ ಪೆನ್ ಡ್ರೈವನ್ನು ಮಾಲಿಂಗ ಅಂಗಿಯ ಕಿಸೆಯಲ್ಲಿ ಹಾಕಿ ಗುಂಡಿ ಹಾಕಿಕೊಂಡಿದ್ದ, ಬಸ್ಸಿನಲ್ಲಿ ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದನಂತೆ. ನಂದಿನಿ ಮುಂದಿನ ಸೀಟಿನಲ್ಲಿ, ಅವನು ಹಿಂದಿನದರಲ್ಲಿ. ಸ್ಟುಡಿಯೊದೊಳಗೆ ಅವಳು ಕಾಲಿಟ್ಟಾಗ ದುಂಡೇಶ ಬನ್ನಿ ಎನ್ನುವ ಮೊದಲು ಮೇಜಿನ ಮೇಲಿದ್ದ ನಾಲ್ಕು ಪೆನ್ ಡ್ರೈವ್ ತೆಗೆದು ಕಿಸೆಗೆ ಹಾಕಿಕೊಂಡ. ನಂದಿನಿ ಅದನ್ನು ನೋಡಿದಳು.

ಮಾಲಿಂಗ ಮೊಬೈಲಿನ ಗಡಿಯಾರದ ಮೇಲೆ ಹೆಬ್ಬೆರಳಿಟ್ಟುಕೊಂಡು ಕೂತ. ಐದೂ ಕೆಲಸಕ್ಕೆ ಕೂಡಿ ಒಂದು ನಿಮಿಷ ಹನ್ನೆರಡು ಸೆಕೆಂಡು. ದುಂಡೇಶ ಮಗ ಪಾಸಾದವನ ಹಾಗೆ ನಕ್ಕ. ಹಿಗ್ಗಿಸಿದ ಫೋಟೊದಲ್ಲಿ ಶೆಟ್ಟೆವ್ವನ ಗದ್ದ ಪರದೆಯ ತುಂಬ ಬಂತು. ಮಡಚಿದ ಗೆರೆಯ ಕೆಳಗೆ ಏನೋ ಹಸಿರು ಇದ್ದ ಹಾಗಿತ್ತು. ನಂದಿನಿ ಅಲ್ಲೇ ನಿಲ್ಲಿಸಿ, ಗದ್ದಕ್ಕೆ ಹಚ್ಚೆ ಇತ್ತೇನ್ರಿ ಎಂದು ಕೇಳಿದಳು. ಮಾಲಿಂಗ, ಮೂರು ಚುಕ್ಕಿ, ನಡುವಿನದು ದೊಡ್ಡದು ಎಂದ. ಸಣ್ಣವನಿದ್ದಾಗ ಅದನ್ನು ಬೆರಳಿನಿಂದ ಒರೆಸಲು ನೋಡುತ್ತಿದ್ದೆ ಎಂದೂ ಹೇಳಿದ. ಹೇಳುವಾಗಲೂ ಹೆಬ್ಬೆರಳು ಗಡಿಯಾರದ ಮೇಲೆಯೇ ಇತ್ತು ಎಂದು ನಂದಿನಿ ನನಗೆ ಹೇಳಿದಳು.

ಮರುದಿನ ಹುಕ್ಕೇರಿ. ಶುಭಮ್‌ನ ಕ್ಲಾಸಿನಲ್ಲಿದ್ದದ್ದು ಎಂಟು ವರ್ಷದ ಹಳೆಯ ಕಂಪ್ಯೂಟರು, ಕೀಲಿಮಣೆಯಲ್ಲಿ ಎರಡು ಅಕ್ಷರ ಸವೆದುಹೋಗಿದ್ದವು. ಮೂಡಲಗಿಯದು ಅದರ ಮುಂದೆ ಮದುವೆಯ ಕುದುರೆ. ಆ ಹಳೆಯದರಲ್ಲಿ ಐದೂ ಕೆಲಸ ಒಂದು ನಿಮಿಷ ಮೂವತ್ತೊಂದು ಸೆಕೆಂಡಿಗೆ ಮುಗಿದವು. ಮಾಲಿಂಗ ಎದ್ದು ಬಗ್ಗಿ ಮೇಜಿನ ಕೆಳಗೆ ನೋಡಿದ.

"ಕೆಳಗ ಇನ್ನೊಂದ ಐತೇನ ಮಾಸ್ತರ?"

"ನನ್ನ ಚಪ್ಪಲ್ ಅದಾವು ಕಾಕಾ. ಚುಚ್ಚಿ ನೋಡ್ರಿ ಬೇಕಾದ್ರ," ಎಂದ ಶುಭಮ್.

ಕೊನೆಗೆ ಮೂಡಲಗಿ. ಅದರ ಮರುದಿನ ಶುಭಮ್ ತಾನೂ ಬಂದ. ಅಂದು ಅಮಾವಾಸ್ಯೆಯ ಹಿಂದಿನ ದಿನ. ಬೆಳಿಗ್ಗೆಯಿಂದ ಸ್ಟುಡಿಯೊದಲ್ಲಿ ಕೆಲಸ ನಡೆದೇ ಇತ್ತು, ಇವರು ಪರೀಕ್ಷೆಗೆ ಕೂತಾಗ ಮಧ್ಯಾಹ್ನ ಮೂರು. ನಾನು ಗುಂಡಿಗೆ ಕಾಜಾ ಮಾಡುವ ಕುಪ್ಪಸ ತೆಗೆದುಕೊಂಡು ಅಲ್ಲಿಯೇ ಹೋಗಿ ಕೂತೆ. ಆರು ನಿಮಿಷ ಐದು ಸೆಕೆಂಡು. ನೀಲಿ ಉಂಗುರ ಸುತ್ತುವುದನ್ನು ಮಾಲಿಂಗ ಮೊದಲ ಸಲ ಕೂತು ನೋಡಿದ.

ಅವನ ಅನುಮಾನ ಅಷ್ಟಕ್ಕೇ ಹೋಗಲಿಲ್ಲ, ಜಾಗ ಬದಲಾಯಿಸಿತು. ಹಾಗಾದರೆ ವಿಂಡೋಸ್ ಮೋಸ, ದುಂಡೇಶನ ಹಾಗೆ ನಾನೂ ಬೆಳ್ಳಿಯದನ್ನು ತರಬೇಕು ಎಂದ. ಶುಭಮ್ ಮೊದಲು ನೀವು ಕಿತ್ತುಕೊಂಡ ಆ ಪೆನ್ ಡ್ರೈವ್ ಕೊಡಿ ಎಂದ. ಮಾಲಿಂಗ ಕಿಸೆಯಿಂದ ತೆಗೆದುಕೊಟ್ಟ. ಅದರಿಂದ ಅದೇ ಕಂಪ್ಯೂಟರನ್ನು ಲಿನಕ್ಸಿನಲ್ಲಿ ಎಬ್ಬಿಸಿ ಮತ್ತೆ ಐದೂ ಕೆಲಸ ಮಾಡಿದರು. ಐದು ನಿಮಿಷ ಐವತ್ತು.

ಆಗ ನಂದಿನಿ, ಬೆಳಿಗ್ಗೆ ಬಂದ ಕೂಡಲೇ ಮಾತ್ರ ಇದು ಚುರುಕಾಗಿರುತ್ತದೆ ಎಂದಳು. ಅದು ಅವಳಿಗೇ ಉರುಳಾಯಿತು.

"ಮುಂಜಾನೆ ನಾ ಇರಾಂಗಿಲ್ಲ," ಎಂದ ಮಾಲಿಂಗ. "ನಾ ಇಲ್ಲದಾಗ ಚುರುಕು, ನಾ ಬಂದ್ರ ಸಾವಕಾಶ. ಅಣ್ಣ ತಂಗಿ ಕೂಡಿ ಛಲೋ ಆಟಾ ಹೂಡೀರಿ."

ನಂದಿನಿಯ ಮುಖ ನೋಡಲು ನನಗಾಗಲಿಲ್ಲ. ಕೈಯಲ್ಲಿದ್ದ ದಾರ ನೋಡುತ್ತ ಕೂತೆ. ಆಗ ನನ್ನ ಕಿವಿಗೆ ಬಿದ್ದದ್ದು, ಎಷ್ಟೋ ತಿಂಗಳಿಂದ ತಗಡಿನ ಆಚೆ ದಿನಾ ಕೇಳಿ ಕೇಳಿ ಕೇಳಿಸದ ಹಾಗಾಗಿದ್ದ ಸದ್ದು. ಬೆಳಿಗ್ಗೆ ಆ ಡಬ್ಬಿ ಜೇನಿನ ಹಾಗೆ ಗುಂಯ್ ಎನ್ನುತ್ತದೆ. ಮಧ್ಯಾಹ್ನಕ್ಕೆ ಹಿಟ್ಟಿನ ಗಿರಣಿಯ ಹಾಗೆ ಒದರುತ್ತದೆ. ನಾನು ಅದನ್ನೇ ಹೇಳಿದೆ. "ಹೊತ್ತ ಏರಿದಂಗ ಅದರ ದನಿ ಏರತೈತಿ ನೋಡ ಮಾಲಿಂಗಾ. ಮಾಲಿಂಗರಾಯನ ಆಣಿ, ನಾ ಸುಳ್ಳ ಹೇಳಾಂಗಿಲ್ಲ."

ಶುಭಮ್ ಡಬ್ಬಿಯ ಹಿಂದೆ ಅಂಗೈ ಹಿಡಿದು ಬಿಸಿ ತಾಳದೆ ತಕ್ಷಣ ತೆಗೆದ. ಆರಿಸಿ ಎಂದ. ಆರಿಸಿದರು. ಮುಕ್ಕಾಲು ತಾಸು ಸುಮ್ಮನೆ ಬಿಟ್ಟು, ಚಹಾ ಕುಡಿದು ಬಂದು ಮತ್ತೆ ಹಚ್ಚಿದರು. ಈ ಸಲ ವಿಂಡೋಸಿನಲ್ಲೇ. ಒಂದು ನಿಮಿಷ ಮೂವತ್ತೈದು ಸೆಕೆಂಡು. ಶುಭಮ್ ಬಿಡದೆ ಎರಡನೆಯ ಸಲ ಮಾಡಿಸಿದ: ಎರಡು ಇಪ್ಪತ್ತು. ಮೂರನೆಯ ಸಲಕ್ಕೆ ನಾಲ್ಕು ನಿಮಿಷ ದಾಟಿತು, ಗಿರಣಿಯ ಸದ್ದು ಬಂತು. ಮಾಲಿಂಗ ಬಾಜೂಕ್ಕೇ ಕೂತಿದ್ದ.

"ಗಾಡಿ ಹೊಡ್ಯಾಂವನ್ನ ಬದಲಿ ಮಾಡಿದ್ರೂ ಗಾಡಿ ನಿಲ್ಲತೈತಿ ಅಂದ್ರ ಅಚ್ಚು ನೋಡಬೇಕು ಕಾಕಾ," ಎಂದ ಶುಭಮ್. "ಡಬ್ಬಿ ಬಿಚ್ಚೂಣು."

ಬಿಚ್ಚುವ ಮಾತಿಗೆ ಮಾಲಿಂಗ ಎದ್ದು ಅಡ್ಡ ನಿಂತ. ಆಮೇಲೆ ತಾನೇ ಬಗ್ಗಿ ನಾಲ್ಕೂ ಸ್ಕ್ರೂಗಳನ್ನು ಮೊಬೈಲಿನ ದೀಪದಲ್ಲಿ ನೋಡಿದ. ಕೆಂಪು ಬಣ್ಣ ಎಲ್ಲಿಯೂ ಬಿರುಕು ಬಿಟ್ಟಿರಲಿಲ್ಲ. ಎರಡನೆಯ ಸಲ ನೋಡಿದ. ಆಗ ನಂದಿನಿ ಕೇಳಿದಳು.

"ಯಾರರೆ ಬಿಚ್ಯಾರೇನ್ರಿ ಅಣ್ಣಾರ?"

"ಇಲ್ಲ."

"ಖರೆ ನೋಡಿ ಹೇಳ್ರಿ. ಆಮ್ಯಾಲ ನಾನ ಏನೋ ತುಂಬೇನಿ ಅನ್ನಬ್ಯಾಡ್ರಿ."

ಇಲ್ಲ, ಯಾರೂ ಬಿಚ್ಚಿಲ್ಲ ಎಂದು ಅವನು ಮತ್ತೊಮ್ಮೆ, ನಮ್ಮೆಲ್ಲರ ಮುಂದೆ ಹೇಳಿದ. ನಂತರ ಬಣ್ಣ ಕೆರೆದು ಸ್ಕ್ರೂ ತಿರುಗಿಸಿದ. ಬಾಜೂದ ತಗಡು ಜಾರಿ ಕೈಗೆ ಬಂತು.

ಒಳಗೆಲ್ಲ ಹಳದಿ. ತಂಪು ಮಾಡುವ ಫ್ಯಾನಿನ ಎಸಳುಗಳ ಮೇಲೆ, ಅದರ ಹಿಂದಿನ ತೆಳು ತಗಡುಗಳ ಸಂದಿಗಳಲ್ಲಿ ಭಂಡಾರ ಮೆತ್ತಿಕೊಂಡು, ಲೋಬಾನದ ಮಸಿ ಅದಕ್ಕೆ ಅಂಟಿ, ಕಂಬಳಿಯ ಹಾಗೆ ದಪ್ಪಗೆ ಕೂತಿತ್ತು. ಗಾಳಿ ಹೋಗಲು ಒಂದು ಬೆರಳಷ್ಟು ಜಾಗ ಇರಲಿಲ್ಲ. ಶುಭಮ್ ಉಗುರಿನಿಂದ ಎತ್ತಿದರೆ ಬಿಲ್ಲೆ ಬಿಲ್ಲೆಯಾಗಿ ಎದ್ದು ಬಂತು. ಒಳಗೆ ಬಿಸಿ ಏರಿದಾಗ ಯಂತ್ರ ತಾನು ಸುಡಬಾರದೆಂದು ತನ್ನ ನಡಿಗೆಯನ್ನು ತಾನೇ ನಿಧಾನ ಮಾಡಿಕೊಳ್ಳುತ್ತದೆ, ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಮ್ಯಾಕ್ ಆಗಿದ್ದರೂ ಅಷ್ಟೇ ಎಂದು ಅವನು ಹೇಳಿದ. ನಾನು ಆ ಬಿಲ್ಲೆಗಳನ್ನು ನೆಲಕ್ಕೆ ಬೀಳದ ಹಾಗೆ ಕಾಗದದಲ್ಲಿ ಹಿಡಿದೆ. ಕಟ್ಟಿ ತಂದವಳು ನಾನೇ ಅಲ್ಲವೇ. ಆಮೇಲೆ ಒಯ್ದು ಬಾವಿಯ ಬಳಿಯ ತುಳಸಿಯ ಬುಡಕ್ಕೆ ಹಾಕಿದೆ.

ಬಣ್ಣದ ಕುಂಚ, ಸೈಕಲ್ ಪಂಪು ತಂದು ಸ್ವಚ್ಛ ಮಾಡುವುದರಲ್ಲಿ ಸಂಜೆಯಾಯಿತು. ಆಮೇಲೆ ಮೂರು ಸಲ ಪರೀಕ್ಷೆ ನಡೆಯಿತು. ಒಂದು ಇಪ್ಪತ್ತು, ಒಂದು ಇಪ್ಪತ್ತೊಂದು, ಒಂದು ಇಪ್ಪತ್ತು. ಗೋಕಾಕದ ಬೆಳ್ಳಿಯದಕ್ಕೂ ಇದಕ್ಕೂ ಎಂಟು ಸೆಕೆಂಡಿನ ಅಂತರ.

ಮಾಲಿಂಗ ಮೊಬೈಲು ಕೆಳಗಿಟ್ಟ. ತಪ್ಪಾಯಿತು ಎನ್ನುವ ಮಾತು ಅವನ ಬಾಯಲ್ಲಿ ನಾನು ಎಂದೂ ಕೇಳಿಲ್ಲ, ಅಂದೂ ಕೇಳಲಿಲ್ಲ. ನಾಳೆ ಲಗೂ ಬಾ, ಎರಡು ಆಲ್ಬಮ್ಮು ಬಾಕಿ ಇವೆ ಎಂದ. ನಂದಿನಿ ಕುರ್ಚಿಯಿಂದ ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು.

"ದುಂಡೇಶಣ್ಣಾರು ನಾ ಬಂದಕೂಡ್ಲೆ ಪೆನ್ ಡ್ರೈವ್ ಎಲ್ಲಾ ಕಿಸೆಕ ಹಾಕ್ಕೊಂಡ್ರು. ಅವರಿಗೆ ಹೇಳಿದಾವ್ರು ಯಾರ್ರಿ?"

ಮಾಲಿಂಗ ಗೋಡೆ ನೋಡಿದ.

"ಅವರಿಗೆ ಹೆಂಗ ಹೇಳಿದ್ರಿ, ಹಂಗ ಇದನ್ನೂ ಹೇಳ್ರಿ. ನನ್ನ ಮುಂದ. ಇಲ್ಲಂದ್ರ ನಾಳಿ ನಾ ಬರಾಂಗಿಲ್ಲ. ನಿಮ್ಮ ಮಶೀನು ನಿಮ್ಮ ಕಡೆ ಇರಲಿ, ನನ್ನ ಹೆಸರು ನನಗ ಕೊಡ್ರಿ."

ಅವಳ ಬಸ್ಸಿಗೆ ಹೊತ್ತಾಗಿತ್ತು. ಅವಳು ಬಾಗಿಲಲ್ಲೇ ನಿಂತಳು. ಮಾಲಿಂಗ ಮೊಬೈಲು ಎತ್ತಿಕೊಂಡ, ಇಟ್ಟ, ಮತ್ತೆ ಎತ್ತಿಕೊಂಡ. ದುಂಡೇಶನಿಗೆ ಹಚ್ಚಿದ. ದನಿ ಎಲ್ಲರಿಗೂ ಕೇಳಿಸುವ ಹಾಗೆ ಇಡಿ ಎಂದು ಶುಭಮ್ ಸನ್ನೆ ಮಾಡಿದ. ನಾನು ಆ ಹುಡುಗಿಯ ಬಗ್ಗೆ ಹೇಳಿದ್ದು ಸುಳ್ಳು, ಮಶೀನಿನ ಒಳಗೆ ಭಂಡಾರ ತುಂಬಿತ್ತು, ತುಂಬಿದವನು ನಾನೇ ಎಂದು ಮಾಲಿಂಗ ಒಂದೇ ಉಸಿರಿಗೆ ಹೇಳಿದ. ಆ ಕಡೆಯಿಂದ ದುಂಡೇಶ ಬಹಳ ಹೊತ್ತು ನಕ್ಕ. "ಅಲ್ಲೋ ಮಾರಾಯಾ, ಮಾಲಿಂಗರಾಯ ಫೋಟೊ ತೆಗಸ್ಕೊಳ್ಳಾಕ ಬಂದಿದ್ನೇನ ಒಳಗ?" ಎಂದ. ಮಾಲಿಂಗನ ಕಿವಿ ಕೆಂಪಾಯಿತು. ನಂದಿನಿ ನಗಲಿಲ್ಲ.

ಇನ್ಯಾರಿಗೆ ಹೇಳಿದ್ದೀರಿ ಎಂದು ಕೇಳಿದಳು. ಘಟಪ್ರಭಾದಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ದುರ್ಗಪ್ಪನಿಗೆ ಹೇಳಿದ್ದೆ ಎಂದು ಮಾಲಿಂಗ ನಿಧಾನವಾಗಿ ಒಪ್ಪಿಕೊಂಡ. ಅವನಿಗೂ ಹಚ್ಚಿದ. ಮತ್ತೆ ಯಾರಿಗಾದರೂ? ಇಲ್ಲ ಎಂದ. ನಂದಿನಿ ಅವನ ಮುಖವನ್ನೇ ನೋಡುತ್ತ ನಿಂತಳು, ಅವನು ಅವಳನ್ನು ಇಷ್ಟು ತಿಂಗಳು ನೋಡಿದ್ದು ಹೇಗೋ ಹಾಗೆ. ಅವಳು ನಂಬಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಮರುದಿನ ಬೆಳಿಗ್ಗೆ ತಗಡಿನ ಆಚೆ ಕುರ್ಚಿ ಎಳೆದ ಸದ್ದು ಕೇಳಿದಾಗಲೇ ಅವಳು ಬಂದದ್ದು ಗೊತ್ತಾದದ್ದು.

ಅಂದು ಅವಳು ಮೊದಲು ಮಾಡಿದ್ದು ಶೆಟ್ಟೆವ್ವನ ಫೋಟೊ. ಗದ್ದದ ಗೆರೆ ತೆಗೆದು ಮೂರು ಚುಕ್ಕಿ ಕೂರಿಸಿದಳು, ನಡುವಿನದನ್ನು ದೊಡ್ಡದು ಮಾಡಿದಳು. ಅದು ಈಗ ಸ್ಟುಡಿಯೊದ ಗೋಡೆಯ ಮೇಲಿದೆ. ಅಮಾವಾಸ್ಯೆಗೆ ನಾನು ತರುವ ಭಂಡಾರ ಆ ಕಟ್ಟಿನ ಗಾಜಿಗೆ ಒಂದು ಬೆರಳಿನಷ್ಟು. ಕಂಪ್ಯೂಟರಿಗೆ ಮಾಲಿಂಗ ದೂರದಿಂದಲೇ ಕೈ ಮುಗಿಯುತ್ತಾನೆ.

ಆ ದಿನ ಡಬ್ಬಿಯನ್ನು ಮುಚ್ಚುವಾಗ ಒಂದು ಸಣ್ಣ ಜಗಳ ಆಯಿತು. ಮಾಲಿಂಗ ಕೆಂಪು ಬಣ್ಣದ ಡಬರಿ ತಂದಿದ್ದ. ತಿಂಗಳಿಗೊಮ್ಮೆ ಬಿಚ್ಚಿ ಧೂಳು ತೆಗೆಯಬೇಕು, ಇನ್ನು ಬಣ್ಣ ಬೇಡ ಎಂದು ನಂದಿನಿ ಕುಂಚದ ಮೇಲೆ ಕೈ ಇಟ್ಟಳು. ಅವನು ಒಪ್ಪಿದ ಹಾಗೆ ತಲೆ ಆಡಿಸಿದ. ಮೂರು ಸ್ಕ್ರೂಗಳನ್ನು ಹಾಗೆಯೇ ಬಿಟ್ಟ. ಅವಳು ಚಹಾ ತರಲು ಹೋದಾಗ ನಾಲ್ಕನೆಯದಕ್ಕೆ ಬಣ್ಣ ಬಳಿದ.

ಅವಳು ಬಂದು ಅದನ್ನು ನೋಡಿದಳು. ಈಗ ತಿಂಗಳಿಗೊಮ್ಮೆ ಅವಳು ಮೂರು ಬಿಚ್ಚಿ ಕೂತು ಅವನನ್ನು ಕರೆಯುತ್ತಾಳೆ. ಅವನು ಬಂದು, ಬಣ್ಣ ಒಡೆದಿಲ್ಲವೆಂದು ನೋಡಿಕೊಂಡು, ನಾಲ್ಕನೆಯದನ್ನು ತಾನೇ ಬಿಚ್ಚಿಕೊಡುತ್ತಾನೆ.